ಸೊನ್ನೆ ಬಿಲ್ಲಿನ ಊರಲ್ಲಿ ಐದು ನಕ್ಷತ್ರ

ಪ್ರತಿವರ್ಷ ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾನು ತಪ್ಪದೆ ಕೊಡುವ ಒಂದು ಮನೆಗೆಲಸವಿದೆ. ಮನೆಯಲ್ಲಿರುವ ವಿದ್ಯುತ್ ಉಪಕರಣಗಳನ್ನೆಲ್ಲ ಪಟ್ಟಿ ಮಾಡಬೇಕು. ಅವುಗಳ ಮೈಮೇಲೆ ಬರೆದಿರುವ ವ್ಯಾಟ್ ಎಷ್ಟೆಂದು ನೋಡಬೇಕು. ದಿನಕ್ಕೆ ಎಷ್ಟು ತಾಸು ಉರಿಯುತ್ತವೆ, ಎಷ್ಟು ತಾಸು ತಿರುಗುತ್ತವೆ ಎಂದು ಮನೆಯವರನ್ನು ಕೇಳಿ, ಗುಣಿಸಿ, ಸಾವಿರದಿಂದ ಭಾಗಿಸಿ ಯೂನಿಟ್ ಲೆಕ್ಕ ತರಬೇಕು. ಕೊನೆಯ ಕಾಲಮಿನ ತಲೆಬರಹ 'ಉಳಿತಾಯದ ಮಾರ್ಗ'. ಮೂವತ್ತು ವರ್ಷಗಳಿಂದ ಈ ಕಾಲಮಿನಲ್ಲಿ ನಾನು ಓದುತ್ತ ಬಂದದ್ದು ಒಂದೇ ಉತ್ತರ: ಬೇಡದಾಗ ದೀಪ ಆರಿಸುವುದು. ಕಳೆದ ಸಲ ಒಬ್ಬ ಹುಡುಗಿ ಅದನ್ನು ಖಾಲಿ ಬಿಟ್ಟು ತಂದಳು. ಯಾಕಮ್ಮ ಎಂದು ಕೇಳಿದೆ.

'ಸರ್, ನಮ್ಮನೆ ಬಿಲ್ಲು ಸೊನ್ನೆ. ಸೊನ್ನೆಯಲ್ಲಿ ಏನು ಉಳಿಸೋದು?'

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಅಷ್ಟರಲ್ಲಿ ಗಂಟೆ ಬಾರಿಸಿ ನನ್ನ ಮರ್ಯಾದೆ ಉಳಿಯಿತು.

2023ರ ಜುಲೈಯಿಂದ ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ಯೋಜನೆ ಬಂದಿದೆಯಷ್ಟೆ. ತಿಂಗಳಿಗೆ 200 ಯೂನಿಟ್ಟಿನ ಒಳಗೆ ಬಳಸುವ ಮನೆಗಳಿಗೆ ಕರೆಂಟು ಪುಕ್ಕಟೆ. ಆದರೆ ಎಲ್ಲರಿಗೂ ಪೂರ್ತಿ 200 ಅಲ್ಲ. 2022-23ನೇ ಸಾಲಿನಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇ. 10 ಸೇರಿಸಿ ಅಷ್ಟು ಉಚಿತ. ತೀರ ಕಡಿಮೆ ಬಳಸುವವರಿಗೆ ಶೇ. 10ರ ಬದಲು 10 ಯೂನಿಟ್ ಎಂದು ಆಮೇಲೆ ತಿದ್ದಿದರು. ಕೂಲಿ ಮಾಡಿ ಉಣ್ಣುವವರ ಮನೆಯಲ್ಲಿ ಇದು ಸಣ್ಣ ಉಪಕಾರವಲ್ಲ, ನಾನದನ್ನು ಆಡಿಕೊಳ್ಳುತ್ತಿಲ್ಲ. ಆದರೆ ಲೆಕ್ಕ ಹೇಳುವವನ ಕಣ್ಣಿಗೆ ಒಂದು ತಮಾಷೆ ಕಾಣದೆ ಇರದು. ಒಂದು ಮನೆಯವರು ಎಲ್ಲ ಕಡೆ ಎಲ್‌ಇಡಿ ಬಲ್ಬು ಹಾಕಿ, ನೋಡಿ ನೋಡಿ ಫ್ರಿಜ್ಜು ಕೊಂಡು, ತಿಂಗಳಿಗೆ 40 ಯೂನಿಟ್ಟಿನಲ್ಲಿ ಸಂಸಾರ ತೂಗಿಸಿದ್ದರು ಎನ್ನಿ. ಅವರ ಪಾಲಿಗೆ ಬರುವುದು 50. ಪಕ್ಕದ ಮನೆಯವರು ಹಗಲಲ್ಲೂ ದೀಪ ಉರಿಸಿ 140 ಯೂನಿಟ್ ಸುಟ್ಟಿದ್ದರೆ ಅವರಿಗೆ 154. ಜಾಣರಿಗೆ ಸಿಕ್ಕ ಬಹುಮಾನ ಇದು!

ಹೀಗಿರುವಾಗ ಹೆಚ್ಚು ದುಡ್ಡು ಕೊಟ್ಟು ಕಡಿಮೆ ಕರೆಂಟು ತಿನ್ನುವ ಸಾಮಾನನ್ನು ಯಾರಾದರೂ ಯಾಕೆ ಕೊಳ್ಳಬೇಕು? ಕೊಳ್ಳುವವರು ಏನು ನೋಡಿ ಕೊಳ್ಳುತ್ತಾರೆ? ಬಿ.ಎಸ್ಸಿ., ಬಿ.ಎಡ್. ಓದಿ ತಲೆ ನರೆತವನಿಗೆ ಹುಡುಗಿಯ ಪ್ರಶ್ನೆ ದಸರಾ ರಜೆಯವರೆಗೂ ಹಿಂಬಾಲಿಸಿತು. ಕೊನೆಗೆ ಹೆಗಲಿಗೆ ಚೀಲ ಹಾಕಿಕೊಂಡು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕುಗಳಲ್ಲಿ ನೆಂಟರಿಷ್ಟರ ಮನೆ ಸುತ್ತಿ ಬರುವುದೆಂದು ಹೊರಟೆ. ಜಲಪಾತ ನೋಡಲು ಬರುವವರು ಈ ಸೀಮೆಗೆ ಬೇಕಾದಷ್ಟು ಜನ. ನಾನು ನೋಡಹೊರಟದ್ದು ಅಡುಗೆಮನೆ, ಬಚ್ಚಲುಮನೆ.

ಅಂಗಡಿಯ ಮಾತು

ಶಿರಸಿಗೆ ಹೊರಟ ಬಸ್ಸಿನಲ್ಲಿ ಮುಕ್ಕಾಲು ಪಾಲು ಹೆಂಗಸರು. ಟಿಕೆಟ್ಟಿಗೆ ದುಡ್ಡು ಕೊಟ್ಟ ನಾಲ್ಕೈದು ಗಂಡಸರು ಬಾಗಿಲ ಬಳಿ ನೇತಾಡುತ್ತ ಬಂದೆವು. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಸಿ.ಪಿ. ಬಜಾರಿನ ಕಡೆ ನಡೆದರೆ ದೀಪಾವಳಿಯ ರಿಯಾಯತಿ ಬೋರ್ಡುಗಳು ಆಗಲೇ ಎದ್ದಿದ್ದವು. ಪರಿಚಯದ ಒಂದು ಅಂಗಡಿಯಲ್ಲಿ ಕುರ್ಚಿ ಎಳೆದುಕೊಂಡು ಅರ್ಧ ದಿನ ಕೂತೆ. 'ಮಾಸ್ತರು ಮಕ್ಕಳ ಪ್ರಾಜೆಕ್ಟಿಗೆ ಬಂದಿದ್ದಾರೆ' ಎಂದು ಮಾಲೀಕರು ಗಿರಾಕಿಗಳಿಗೆಲ್ಲ ಹೇಳಿದರು.

ಫ್ರಿಜ್ಜು, ಏ.ಸಿ., ಫ್ಯಾನುಗಳ ಮೇಲೆ ನಕ್ಷತ್ರ ಬರೆದ ಚೀಟಿ ಅಂಟಿಸಿರುವುದನ್ನು ನೀವು ನೋಡಿರುತ್ತೀರಿ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಮೇರೆಗೆ ಮರುವರ್ಷ ದಿಲ್ಲಿಯಲ್ಲಿ ಒಂದು ಬ್ಯೂರೋ ಆಯಿತು. ಅದು 2006ರಲ್ಲಿ ಈ ನಕ್ಷತ್ರದ ಪದ್ಧತಿ ತಂದಿತು. ಮೊದಲು ಬೇಕಾದವರು ಹಾಕಿಕೊಳ್ಳಬಹುದಿತ್ತು. ತಾನಾಗಿ ಮಂಜು ಕರಗುವ ಜಾತಿಯ ಫ್ರಿಜ್ಜುಗಳಿಗೆ 2010ರಿಂದ, ಸೀಲಿಂಗ್ ಫ್ಯಾನುಗಳಿಗೆ 2023ರಿಂದ ಕಡ್ಡಾಯ. ಫ್ರಿಜ್ಜಿನ ಚೀಟಿಯಲ್ಲಿ ನಕ್ಷತ್ರಗಳ ಕೆಳಗೆ ಇನ್ನೊಂದು ಅಂಕಿ ಇರುತ್ತದೆ: ವರ್ಷಕ್ಕೆ ಎಷ್ಟು ಯೂನಿಟ್ ಎಂಬುದು. ನನ್ನ ಮಟ್ಟಿಗೆ ನೋಡಬೇಕಾದದ್ದು ಅದೇ. ಏಕೆಂದರೆ ನಕ್ಷತ್ರದ ಅಳತೆಗೋಲನ್ನು ಕೆಲವು ವರ್ಷಗಳಿಗೊಮ್ಮೆ ಬಿಗಿ ಮಾಡುತ್ತಾರೆ. ಹಿಂದೆ ಐದು ನಕ್ಷತ್ರ ಪಡೆದದ್ದು ಇಂದಿನ ಅಳತೆಗೆ ಮೂರಕ್ಕೆ ಇಳಿಯಬಹುದು. ಯೂನಿಟ್ಟಿನ ಅಂಕಿಗೆ ಆ ತಾಪತ್ರಯವಿಲ್ಲ.

ಆ ಅರ್ಧ ದಿನದಲ್ಲಿ ಫ್ರಿಜ್ಜು ನೋಡಲು ಬಂದವರು ಐದು ಮನೆಯವರು. ಬಣ್ಣ ಕೇಳಿದರು, ಕೆಳಗೆ ಈರುಳ್ಳಿ ಇಡುವ ಪೆಟ್ಟಿಗೆ ಇದೆಯೇ ಎಂದು ಕೇಳಿದರು, ಕಂತು ಎಷ್ಟು ತಿಂಗಳು ಎಂದು ಕೇಳಿದರು. ಚೀಟಿಯ ಅಂಕಿ ಓದಿದವರು ಒಬ್ಬರೂ ಇಲ್ಲ. ನಾನು ಸುಮ್ಮನಿರಲಾರದೆ ಒಬ್ಬರಿಗೆ ತೋರಿಸಿದೆ. ಅವರು ನಯವಾಗಿ, 'ಹೌದೌದು, ಆದರೆ ಬಿಲ್ಲೇ ಬರೋದಿಲ್ಲವಲ್ಲ' ಎಂದರು.

ಅವರನ್ನು ಅಂದು ಫಲವಿಲ್ಲ, ನನ್ನ ಕಥೆಯೇ ಬೇರೆ ಅಲ್ಲ. ಮಗಳನ್ನು ಕಾಲೇಜಿಗೆ ಸೇರಿಸಿದ ವರ್ಷ ನಮ್ಮ ಹಳೆಯ ಫ್ರಿಜ್ಜು ಕೆಟ್ಟಿತು. ಅಂಗಡಿಯಲ್ಲಿ ಅಕ್ಕಪಕ್ಕ ಎರಡು ಇದ್ದವು. ಒಂದಕ್ಕೆ ಮೂರು ಸಾವಿರ ರೂಪಾಯಿ ಹೆಚ್ಚು. ಅದು ವರ್ಷಕ್ಕೆ 90 ಯೂನಿಟ್ ಕಡಿಮೆ ತಿನ್ನುತ್ತಿತ್ತು. ಯೂನಿಟ್ಟಿಗೆ ಆರು ರೂಪಾಯಿ ಎಂದೇ ಹಿಡಿಯಿರಿ, ವರ್ಷಕ್ಕೆ 540. ಐದೂವರೆ ವರ್ಷದಲ್ಲಿ ಹೆಚ್ಚು ಕೊಟ್ಟದ್ದು ಮರಳುತ್ತದೆ, ಅಲ್ಲಿಂದ ಮುಂದೆ ಲಾಭ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ ನಾನು! ಆದರೂ ಆ ದಿನ ಕಿಸೆಯಲ್ಲಿ ಇದ್ದದ್ದು ಇದ್ದಷ್ಟೆ. ಅಗ್ಗದ್ದನ್ನೇ ಹೊರಿಸಿಕೊಂಡು ಬಂದೆ. ಅದು ಇವತ್ತಿಗೂ ನಮ್ಮ ಅಡುಗೆಮನೆಯಲ್ಲಿ ಗೊರಗುಟ್ಟುತ್ತಿದೆ, ಐದೂವರೆ ವರ್ಷ ಕಳೆದು ಬಹಳ ಕಾಲವಾಯಿತು.

ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಹುಡುಗ ಒಂದು ಸಂಗತಿ ಹೇಳಿದ. ಬಿ.ಎಲ್.ಡಿ.ಸಿ. ಎನ್ನುವ ಹೊಸ ಜಾತಿಯ ಫ್ಯಾನುಗಳು ಬಂದಿವೆ. ಸಾಮಾನ್ಯ ಫ್ಯಾನು 75 ವ್ಯಾಟ್ ಆಸುಪಾಸು ಎಳೆದರೆ ಇದು ಮೂವತ್ತರ ಸುಮಾರು. ಹಳೆಯ ಫ್ಯಾನು ಎರಡು ತಾಸು ತಿರುಗಿದ ಮೇಲೆ ಆರಿಸಿ ಅದರ ಮೋಟಾರಿನ ಮೈ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಗಾಳಿಯಾಗಬೇಕಿದ್ದ ಕರೆಂಟು ಶಾಖವಾಗಿ ಹೋಗಿದೆ ಎಂದರ್ಥ. ಹೊಸದರಲ್ಲಿ ತಿರುಗುವ ಭಾಗಕ್ಕೆ ಕಾಯಂ ಅಯಸ್ಕಾಂತ ಕೂರಿಸಿ, ಸುರುಳಿಗಳಿಗೆ ಕರೆಂಟನ್ನು ಸರದಿಯ ಮೇಲೆ ಹಂಚಲು ಒಂದು ಎಲೆಕ್ಟ್ರಾನಿಕ್ ಬೋರ್ಡು ಇಟ್ಟಿದ್ದಾರೆ. ಹಾಗಾಗಿ ನಷ್ಟ ಕಡಿಮೆ. ಬೆಲೆ ಮಾತ್ರ ಹೆಚ್ಚು.

'ಯಾರು ಕೊಳ್ತಾರೆ?' ಎಂದೆ.

'ಬಿಲ್ಲಿಗಾಗಿ ಯಾರೂ ಕೊಳ್ಳೋದಿಲ್ಲ ಸರ್. ಇನ್ವರ್ಟರ್ ಇಟ್ಟವರು ಕೊಳ್ತಾರೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಾಗ ಇದು ಎರಡು ಪಟ್ಟು ಹೊತ್ತು ತಿರುಗ್ತದೆ ಅಂತ ಹೇಳಿದರೆ ಸಾಕು, ಕಟ್ಟಿಸಿಕೊಂಡು ಹೋಗ್ತಾರೆ.'

ಹುಡುಗ ಓದಿದ್ದು ಪಿ.ಯು.ಸಿ. ಆದರೆ ಮಲೆನಾಡಿನ ಗಿರಾಕಿಯ ಮನಸ್ಸನ್ನು ನನಗಿಂತ ಚೆನ್ನಾಗಿ ಬಲ್ಲ. ಬೇಡ ಎನ್ನುವವರು ಕೊಡುವ ಕಾರಣವನ್ನೂ ಅವನೇ ಹೇಳಿದ. ಹಳೆಯ ಫ್ಯಾನು ನಿಂತರೆ ಊರಿನ ಯಾವ ಹುಡುಗನಾದರೂ ಕಂಡೆನ್ಸರ್ ಬದಲಾಯಿಸುತ್ತಾನೆ. ಏಪ್ರಿಲ್‌ನ ಗುಡುಗು ಸಿಡಿಲಿಗೆ ಇದರ ಬೋರ್ಡು ಸುಟ್ಟರೆ? ಅಂಗಡಿಗೆ ತರಬೇಕು, ಅಂಗಡಿಯವರು ಹುಬ್ಬಳ್ಳಿಗೆ ಕಳಿಸಬೇಕು. 'ಕೆಟ್ಟರೆ ಯಾರು ಬರ್ತಾರೆ?' ಇದೇ ಅವರ ಮೊದಲ ಪ್ರಶ್ನೆ. ನಾನು ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಸಂಜೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಬಾಡಿಗೆ ಕೋಣೆಗೆ ಹೋದೆ. ಹಳ್ಳಿಯಿಂದ ಬಂದು ಶಿರಸಿಯಲ್ಲಿ ಕೋಣೆ ಮಾಡಿ ಓದುವ ಮಕ್ಕಳು ನೂರಾರು. ಪಾಲಕರಿಗೆ ಈ ಕೋಣೆಗಳು ಚೆನ್ನಾಗಿ ಗೊತ್ತು. ಸ್ನಾನಕ್ಕೆ ಬಕೆಟ್ಟಿನಲ್ಲಿ ಅದ್ದುವ ಕಾಯಿಲ್, ಮೇಲೆ ಕಿರುಗುಟ್ಟುವ ಫ್ಯಾನು. ಎರಡೂ ಮನೆಯ ಮಾಲೀಕರು ಹಾಕಿಸಿದ್ದು. ಹುಡುಗರು ಬದಲಾಯಿಸುವಂತಿಲ್ಲ, ಮಾಲೀಕರು ಬದಲಾಯಿಸುವ ಅಗತ್ಯವಿಲ್ಲ. ಇಪ್ಪತ್ತು ಲೀಟರ್ ನೀರನ್ನು ಇಪ್ಪತ್ತು ಡಿಗ್ರಿಯಷ್ಟು ಕಾಯಿಸಲು ಸುಮಾರು ಅರ್ಧ ಯೂನಿಟ್ ಬೇಕೇ ಬೇಕು; ಕಾಯಿಲ್ ಯಾವುದಾದರೂ ಅದರಲ್ಲಿ ಉಳಿಸುವುದು ಅಷ್ಟರಲ್ಲೇ ಇದೆ. ಫ್ಯಾನಿನಲ್ಲಿ ಇದೆ. ಆದರೆ ಆ ಫ್ಯಾನು ಯಾರದು?

ಅಜ್ಜನ ಮನೆಯ ಒಲೆ

ಮಾರನೆಯ ದಿನ ಸಿದ್ದಾಪುರದ ಬಸ್ಸು ಹತ್ತಿದೆ. ಕಾನಸೂರು ದಾಟಿದ ಮೇಲೆ ರಸ್ತೆಯ ಎರಡೂ ಬದಿ ಸೊಪ್ಪಿನ ಬೆಟ್ಟ, ಕೆಳಗೆ ತೋಟದ ಪಟ್ಟಿ. ಅಡಿಕೆ ಕೊಯ್ಲು ಇನ್ನೂ ಶುರುವಾಗಿರಲಿಲ್ಲ. ಈ ತಾಲೂಕಿನ ಒಂದು ಕಡೆ ಅಘನಾಶಿನಿ, ಅಣೆಕಟ್ಟನ್ನೇ ಕಾಣದ ನದಿ. ಇನ್ನೊಂದು ಅಂಚಿಗೆ ಶರಾವತಿ. 1948ರಿಂದ ಜೋಗದ ನೀರು ಕರೆಂಟಾಗುತ್ತ ಬಂದಿದೆ, 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿಯಿತು. ಆದರೂ ನನ್ನ ಬಾಲ್ಯದ ಅಜ್ಜನ ಮನೆಯಲ್ಲಿ ಇದ್ದದ್ದು ಲಾಟೀನು. ಜೋಗದ ಕರೆಂಟು ನಮ್ಮ ತಲೆಯ ಮೇಲಿನಿಂದ ಬೆಂಗಳೂರಿಗೆ ಹೋಗುತ್ತಿತ್ತು.

ಆ ಮನೆಯಲ್ಲಿ ಈಗ ಎಂಬತ್ತು ದಾಟಿದ ಅತ್ತೆ ಇದ್ದಾರೆ, ನನ್ನ ಸೋದರಮಾವನ ಹೆಂಡತಿ. ಆಸರಿಗೆ ಕುಡಿದು ಅಡುಗೆಮನೆ ಹೊಕ್ಕೆ. ಮೂಲೆಯಲ್ಲಿ ಅದು ಇನ್ನೂ ಇದೆ: ಅಸ್ತ್ರ ಒಲೆ.

ಇಂದಿನ ಮಕ್ಕಳಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ, ಹಳ್ಳಿಗಳಿಗೆ ಬೇಕಾದ ವಿಜ್ಞಾನಕ್ಕಾಗಿ 'ಅಸ್ತ್ರ' ಎಂಬ ಕೇಂದ್ರ ಆರಂಭಿಸಿದರು. ಅಲ್ಲಿಂದ ಬಂದದ್ದು ಈ ಒಲೆ. ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಶಾಖದ ಹತ್ತರಲ್ಲೊಂದು ಪಾಲು ಪಾತ್ರೆಗೆ ಮುಟ್ಟಿದರೆ ಹೆಚ್ಚು. ಉಳಿದದ್ದು ಪಕ್ಕಕ್ಕೆ, ಮೇಲಕ್ಕೆ, ಹೆಂಗಸರ ಮುಖಕ್ಕೆ. ಅಸ್ತ್ರ ಒಲೆಯಲ್ಲಿ ಬೆಂಕಿಗೆ ಸುತ್ತ ಗೋಡೆ, ಕೆಳಗೆ ಜಾಲರಿ. ಬೇಕಾದಷ್ಟೇ ಗಾಳಿ ಜಾಲರಿಯ ಮೂಲಕ ಬಂದು ಕಟ್ಟಿಗೆ ಚೆನ್ನಾಗಿ ಉರಿಯುತ್ತದೆ. ಬಿಸಿಗಾಳಿ ಮೊದಲ ಪಾತ್ರೆಯ ಬುಡ ಸವರಿ, ಎರಡನೆಯದಕ್ಕೆ, ಮೂರನೆಯದಕ್ಕೆ ಹೋಗಿ, ಮಿಕ್ಕದ್ದು ಚಿಮಣಿಯಿಂದ ಮಾಡಿನ ಹೊರಗೆ. ಒಂದೇ ಬೆಂಕಿಗೆ ಅನ್ನ, ಸಾರು, ಬಿಸಿನೀರು.

ನನ್ನ ಮಾವ ಹೊಸದರ ಹುಚ್ಚಿನವರು. 1980ರ ದಶಕದಲ್ಲಿ ಕೇಳಿದ ಕೂಡಲೇ ಮೇಸ್ತ್ರಿಯನ್ನು ಕರೆಸಿ ಹಾಕಿಸಿದರು. ಮೊದಮೊದಲು ಅತ್ತೆಗೆ ಅದರ ಮೇಲೆ ಸಿಟ್ಟೇ ಇತ್ತಂತೆ. ಕಟ್ಟಿಗೆ ಸಣ್ಣಗೆ ಸೀಳಬೇಕು; ದೊಡ್ಡ ಕುಂಟೆ ತುರುಕಿ ಕೆಲಸಕ್ಕೆ ಹೋಗುವಂತಿಲ್ಲ. ಅಟ್ಟದ ಮೇಲಿನ ಮರಕ್ಕೆ ಹೊಗೆ ತಾಗದೆ ಹುಳ ಬಿತ್ತು. ಆರು ತಿಂಗಳಿಗೆ ಚಿಮಣಿ ಕಟ್ಟಿತು. ಮೇಸ್ತ್ರಿ ಅದೇ ಊರಿನ ಪಕ್ಕದವ; ಬಂದು, ಕೋಲಿಗೆ ಚಿಂದಿ ಸುತ್ತಿ ಮಸಿ ತೆಗೆಯುವುದನ್ನು ತೋರಿಸಿಕೊಟ್ಟು ಹೋದ. ಆಮೇಲೆ ಅತ್ತೆ ಬೇರೆ ಒಲೆ ಕೇಳಲಿಲ್ಲ. 'ಹೊಗೆ ಇಲ್ಲೆ ತಮ್ಮಾ, ಅದೊಂದೇ ಸಾಕು' ಎಂದರು.

ಅತ್ತೆ ಇಷ್ಟು ಹೇಳುವಾಗ ನನಗೆ ನೆನಪಾದದ್ದು ನಮ್ಮ ಆಯಿ. ಅವಳು ತವರಿಗೆ ಬಂದಾಗಲೆಲ್ಲ ಈ ಒಲೆಯ ಮುಂದೆ ಸುಮ್ಮನೆ ನಿಂತು ನೋಡುತ್ತಿದ್ದಳು. ಶಿರಸಿ ತಾಲೂಕಿನ ನಮ್ಮ ಮನೆಯಲ್ಲಿ ಹಳೆಯ ಒಲೆ, ಪಕ್ಕದಲ್ಲಿ ಊದುಗೊಳವೆ. ಮಳೆಗಾಲದ ಹಸಿ ಕಟ್ಟಿಗೆಗೆ ಊದಿ ಊದಿ ಅವಳ ಕಣ್ಣು ಕೆಂಪಾಗಿರುತ್ತಿತ್ತು, ಕೆಮ್ಮು ಕಾರ್ತಿಕದವರೆಗೂ ಬಿಡುತ್ತಿರಲಿಲ್ಲ. ಅಪ್ಪ ಕೆಟ್ಟವರಲ್ಲ. ಟ್ರಾನ್ಸಿಸ್ಟರ್ ಕೊಂಡರು, ನನ್ನ ಓದಿಗೆ ಸಾಲ ಮಾಡಿದರು. ಒಲೆಯ ಮಾತು ಬಂದರೆ ಮಾತ್ರ, 'ಕಟ್ಟಿಗೆಗೆ ಯಾರಾದರೂ ದುಡ್ಡು ಕೊಡ್ತಾರಾ? ಬೆಟ್ಟದಲ್ಲಿ ಬೇಕಾದಷ್ಟು ಇದ್ದು' ಎಂದುಬಿಡುತ್ತಿದ್ದರು. ಕಟ್ಟಿಗೆಯ ಬಿಲ್ಲು ಸೊನ್ನೆ. ಸೊನ್ನೆಯಲ್ಲಿ ಏನು ಉಳಿಸುವುದು?

ಅಡುಗೆಮನೆಯ ನಡುವೆ ನಿಂತು ನಾನು ಇದನ್ನು ಎಷ್ಟೋ ಹೊತ್ತು ಯೋಚಿಸಿದೆ. ನಮ್ಮ ಹುಡುಗಿ ಕೇಳಿದ್ದು ನಮ್ಮಪ್ಪನ ಮಾತನ್ನೇ. ಆಗಲೂ ಬಿಲ್ಲು ಇತ್ತು, ಬೇರೆಯವರ ಹೆಸರಿಗೆ ಬರುತ್ತಿತ್ತು. ಒಂದು ಪಾಲು ಬೆಟ್ಟ ಕಟ್ಟುತ್ತಿತ್ತು, ಇನ್ನೊಂದು ಪಾಲು ಆಯಿ. ದುಡ್ಡಿನ ಪೆಟ್ಟಿಗೆಯ ಕೀಲಿಕೈ ಇದ್ದವರು ಒಬ್ಬರು, ಹೊಗೆ ಕುಡಿದವರು ಒಬ್ಬರು. ಮತ್ತೆ ನಾನು? ಡಿಗ್ರಿಯಲ್ಲಿ ಶಾಖದ ಎಂಜಿನ್ನಿನ ದಕ್ಷತೆಯ ಸೂತ್ರ ಉರು ಹೊಡೆಯುತ್ತಿದ್ದವನು, ರಜೆಗೆ ಬಂದು ಅದೇ ಹೊಗೆಯ ಒಲೆಯ ಮುಂದೆ ಕೂತು ಬಿಸಿ ದೋಸೆ ತಿಂದು ಹೋಗುತ್ತಿದ್ದೆ. ಒಂದು ಸಲವೂ ಬಾಯಿಬಿಟ್ಟು ಅಪ್ಪನಿಗೆ ಹೇಳಲಿಲ್ಲ.

ಕೊನೆಗೆ ನಮ್ಮ ಮನೆಯ ಹೊಗೆ ಹೋದದ್ದು ಒಲೆಯಿಂದಲ್ಲ, ಗೋಬರ್ ಗ್ಯಾಸಿನಿಂದ. ಅದನ್ನು ಅಪ್ಪ ತಾವೇ ಹಾಕಿಸಿದರು. ಒಲೆಗಿಂತ ಎಷ್ಟೋ ಪಟ್ಟು ಖರ್ಚು, ಆದರೂ ಚೌಕಾಸಿ ಮಾಡಲಿಲ್ಲ. ಕಾರಣ, ತೋಟಕ್ಕೆ ಸ್ಲರಿ ಸಿಗುತ್ತದೆ! ಅಡಿಕೆ ಮರಕ್ಕೆ ಒಳ್ಳೆಯದಾಗುವ ಭರದಲ್ಲಿ ಆಯಿಗೂ ಒಳ್ಳೆಯದಾಯಿತು.

ಗೋಬರ್ ಗ್ಯಾಸಿನ ವಿಷಯದಲ್ಲಿ ಶಿರಸಿ ತಾಲೂಕಿಗೆ ದೇಶದಲ್ಲೇ ಒಳ್ಳೆಯ ಹೆಸರು. ಮೊದಲಿನ ಕಬ್ಬಿಣದ ಡ್ರಮ್ಮಿನ ಮಾದರಿ ನಮ್ಮ ಮಳೆಗೆ ತುಕ್ಕು ಹಿಡಿಯುತ್ತಿತ್ತು. 1984ರಲ್ಲಿ ಬಂದ ದೀನಬಂಧು ಮಾದರಿಯಲ್ಲಿ ಕಬ್ಬಿಣದ ಡ್ರಮ್ಮಿಲ್ಲ. ನೆಲದೊಳಗೆ ಇಟ್ಟಿಗೆ, ಸಿಮೆಂಟಿನ ಗುಮ್ಮಟ. ಎರಡು ಘನಮೀಟರಿನ ಸ್ಥಾವರಕ್ಕೆ ದಿನಕ್ಕೆ 50 ಕಿಲೋ ಸಗಣಿ, ಅಂದರೆ ಕೊಟ್ಟಿಗೆಯಲ್ಲಿ ನಾಲ್ಕೈದು ಜಾನುವಾರು; ಐದಾರು ಜನರ ಅಡುಗೆಗೆ ಸಾಕು. ದೇಶದ ಎಷ್ಟೋ ಕಡೆ ಸಬ್ಸಿಡಿಗೆ ಕಟ್ಟಿ ಹಾಗೇ ಬಿಟ್ಟ ಗುಂಡಿಗಳು ಇದ್ದವು. ಶಿರಸಿಯಲ್ಲಿ ಹಾಗಾಗಲಿಲ್ಲ. ವಿಜ್ಞಾನ ಮಂದಿರದ ಭಟ್, ಚಾಣಕ್ಯ, ರವೀಂದ್ರನಾಥ್ ಇವರು ಇಲ್ಲಿಯ ಎಂಟು ಹಳ್ಳಿಗಳನ್ನು ಅಭ್ಯಾಸ ಮಾಡಿ 2001ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕಟ್ಟಿದ ಸ್ಥಾವರಗಳೆಲ್ಲ ಚಾಲೂ ಇದ್ದವು ಎಂದಿದೆ. ಕಟ್ಟುವವರಲ್ಲೇ ಪೈಪೋಟಿ ಇತ್ತು. ಕಟ್ಟಿದವರು ಗ್ಯಾರಂಟಿ ಕೊಡುತ್ತಿದ್ದರು, ಕೆಟ್ಟರೆ ಪುಕ್ಕಟೆ ಬಂದು ನೋಡುತ್ತಿದ್ದರು. ಶಿರಸಿ ಅಂಗಡಿಯ ಹುಡುಗ ಹೇಳಿದ್ದೂ ಇದನ್ನೇ ಅಲ್ಲವೆ?

ಈಗ ಅತ್ತೆಯ ಕೊಟ್ಟಿಗೆಯಲ್ಲಿ ಎರಡೇ ಆಕಳು. ಗ್ಯಾಸು ಚಹಾಕ್ಕೆ ಸಾಕು, ಅನ್ನಕ್ಕೆ ಸಿಲಿಂಡರು. ಅಸ್ತ್ರ ಒಲೆ ಹಬ್ಬಕ್ಕೆ, ಶ್ರಾದ್ಧಕ್ಕೆ ಉರಿಯುತ್ತದೆ. ಬಚ್ಚಲ ಹಂಡೆಗೆ ಅಡಿಕೆ ಸಿಪ್ಪೆ, ತೆಂಗಿನ ಸೋಗೆ. ಸೋಲಾರ್ ಹೀಟರ್ ಹಾಕಿಸಬಾರದೆ ಎಂದರೆ ಅತ್ತೆ ಮಾಡಿನ ಕಡೆ ನೋಡಿ ನಕ್ಕರು. ಬಿಸಿನೀರು ಬೇಕಾಗುವುದೇ ಮಳೆಗಾಲದಲ್ಲಿ, ಸೂರ್ಯ ಕಾಣದಿರುವುದೂ ಆಗಲೇ. ಹುಬ್ಬಳ್ಳಿ, ಬೆಂಗಳೂರಿಗೆ ಒಳ್ಳೆಯದಾದ ಸಾಮಾನು ಇಲ್ಲಿ ಬೇಡವಾದರೆ ಅದನ್ನು ಅಜ್ಞಾನ ಎನ್ನಲಾಗದು.

ಕಾಳಿಯ ಕಡೆಗೆ

ಶಿರಸಿಗೆ ಮರಳಿ, ಅಲ್ಲಿಂದ ಯಲ್ಲಾಪುರಕ್ಕೆ ಐವತ್ತು ಕಿಲೋಮೀಟರಿನ ದಾರಿ. ಸೋಂದಾ ಕ್ರಾಸು, ಮಂಚಿಕೇರಿ, ನಡುವೆ ಬೇಡ್ತಿಯ ಸೇತುವೆ. ಮಾಗೋಡಿನಲ್ಲಿ ಧುಮುಕುವ ಇದೇ ಬೇಡ್ತಿಗೆ ಜಲವಿದ್ಯುತ್ ಯೋಜನೆ ಬರುವುದಿತ್ತು. ತೋಟ, ಕಾಡು ಮುಳುಗುತ್ತವೆಂದು ಜನ ಎದ್ದರು. 1981ರಲ್ಲಿ ಶಿರಸಿಯಲ್ಲಿ ದೇಶದ ತಜ್ಞರನ್ನು ಕರೆಸಿ ವಿಚಾರ ಸಂಕಿರಣ ಮಾಡಿದರು. ಬೆನ್ನಿಗೆ ನಿಂತದ್ದು ಅಡಿಕೆ ಬೆಳೆಗಾರರ ಸಹಕಾರಿ ಸಂಘವಾದ ಟಿ.ಎಸ್.ಎಸ್. ಯೋಜನೆ ನಿಂತಿತು. ಎರಡು ವರ್ಷದ ಮೇಲೆ ಸಾಲ್ಕಣಿಯವರು ಕಳಾಸೆ ಕಾಡಿನಲ್ಲಿ ಮರ ಅಪ್ಪಿಕೊಂಡು ನಿಂತರು, ಅದು ಅಪ್ಪಿಕೋ.

ಕಾಳಿ ನದಿಗೆ ಬೇಡ್ತಿಯ ಅದೃಷ್ಟ ಇರಲಿಲ್ಲ. ಸೂಪಾ ಕಟ್ಟೆಯಲ್ಲಿ ಸೂಪಾ ಎಂಬ ಊರೇ ಮುಳುಗಿತು. ಅಲ್ಲಿಯವರಿಗೆ ರಾಮನಗರದಲ್ಲಿ ಜಾಗ ಕೊಟ್ಟರು. ಯಲ್ಲಾಪುರ ತಾಲೂಕಿನಲ್ಲೇ ಕೊಡಸಳ್ಳಿ ಕಟ್ಟೆ, ಕೆಳಗೆ ಕದ್ರಾ, ಪಕ್ಕದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳ ಕೈಗಾ ಅಣುಸ್ಥಾವರ. ಕರೆಂಟು ಎಲ್ಲಿಂದ ಬರುತ್ತದೆ ಎಂದು ಉಳಿದ ಜಿಲ್ಲೆಗಳ ಮಕ್ಕಳು ಪುಸ್ತಕದಲ್ಲಿ ಓದುತ್ತಾರೆ. ಇಲ್ಲಿಯವರು ಬಸ್ಸಿನ ಕಿಟಕಿಯಿಂದ ನೋಡುತ್ತಾರೆ.

ಬಸ್ಸಿನಲ್ಲೇ ಒಂದು ಲೆಕ್ಕ ಮಾಡಿದೆ. 60 ವ್ಯಾಟಿನ ಹಳೆಯ ಬಲ್ಬು ತೆಗೆದು 9 ವ್ಯಾಟಿನ ಎಲ್‌ಇಡಿ ಹಾಕಿದರೆ ಬೆಳಕು ಕಡಿಮೆಯಾಗದೆ 51 ವ್ಯಾಟ್ ಉಳಿತಾಯ. ಕೊಡಸಳ್ಳಿಯಲ್ಲಿ ಇರುವುದು 40 ಮೆಗಾವ್ಯಾಟಿನ ಮೂರು ಯಂತ್ರ. ನಾಲ್ಕು ಕೋಟಿ ವ್ಯಾಟನ್ನು 51ರಿಂದ ಭಾಗಿಸಿ: ಸುಮಾರು ಎಂಟು ಲಕ್ಷ. ಸಂಜೆ ಒಟ್ಟಿಗೆ ಉರಿಯುವ ಎಂಟು ಲಕ್ಷ ಬಲ್ಬು ಬದಲಾದರೆ ಒಂದು ಯಂತ್ರದ ಕೆಲಸ ತಪ್ಪುತ್ತದೆ. ತಂತಿಯಲ್ಲಿ ಸೋರುವುದನ್ನು ನಾನು ಸೇರಿಸಿಲ್ಲ.

ಈ ಬಗೆಯ ಲೆಕ್ಕವನ್ನು ಇಡೀ ರಾಜ್ಯಕ್ಕೆ ಮೊದಲು ಮಾಡಿ ತೋರಿಸಿದವರೂ ಅಮೂಲ್ಯ ರೆಡ್ಡಿಯವರೇ. ಬಲ್ಬು, ನೀರು ಕಾಯಿಸುವುದು, ಪಂಪ್‌ಸೆಟ್ಟು ಇವುಗಳನ್ನು ಸುಧಾರಿಸಿದರೆ ಕರ್ನಾಟಕಕ್ಕೆ ಯೋಜಕರು ಹೇಳುವಷ್ಟು ದೊಡ್ಡ ಸ್ಥಾವರಗಳು ಬೇಡ ಎಂದು 1991ರಲ್ಲಿ ಸಂಗಡಿಗರೊಡನೆ ವಾದಿಸಿದರು. ಹಾಗಾದರೆ ಜನ ಯಾಕೆ ಸುಧಾರಿಸಿದ್ದನ್ನು ಕೊಳ್ಳುವುದಿಲ್ಲ? ಅದೇ ವರ್ಷ ಇನ್ನೊಂದು ಲೇಖನದಲ್ಲಿ ಅವರು ಕೊಳ್ಳದವರನ್ನು ವಿಂಗಡಿಸಿದರು: ತಿಳಿಯದವರು, ಮೊದಲ ಖರ್ಚಿಗೆ ಅಂಜುವವರು, ಅಸಡ್ಡೆಯವರು, ಕೊಳ್ಳುವ ಮನಸ್ಸಿದ್ದೂ ದಾರಿ ಕಾಣದ ಅಸಹಾಯಕರು, ನಾಳೆ ಏನೋ ಎಂಬ ಅನುಮಾನದವರು, ಬೇರೆಯವರು ಕೊಂಡದ್ದನ್ನು ಬಳಸಬೇಕಾದ ವಾರಸುದಾರರು. ಶಿರಸಿಯ ಕೋಣೆಯ ಹುಡುಗರು ವಾರಸುದಾರರು. ಆಯಿ ಅಸಹಾಯಕಿ. ಫ್ರಿಜ್ಜಿನ ಮುಂದೆ ನಿಂತ ಮಾಸ್ತರ ಖರ್ಚಿಗೆ ಅಂಜಿದವನು. ಬಿಲ್ಲೇ ಬಾರದವರು ಯಾವ ಗುಂಪು? ಅಸಡ್ಡೆ ಎನ್ನಲು ಮನಸ್ಸು ಬರುವುದಿಲ್ಲ. ಬೆಲೆಯೇ ಕಾಣದ ಸಾಮಾನನ್ನು ಉಳಿಸು ಎಂದರೆ ಮನುಷ್ಯ ಎಲ್ಲಿಂದ ಉಳಿಸಿಯಾನು?

ಎಲ್‌ಇಡಿಯ ಮಟ್ಟಿಗೆ ಉತ್ತರ ಸಿಕ್ಕಿತು. 2015ರ ಜನವರಿಯಲ್ಲಿ ಕೇಂದ್ರದ ಉಜಾಲಾ ಯೋಜನೆ ಬಂತು, ನಮ್ಮ ರಾಜ್ಯದಲ್ಲಿ ಅದಕ್ಕೆ 'ಹೊಸ ಬೆಳಕು' ಎಂದು ಹೆಸರಿಟ್ಟರು. ಸರಕಾರ ಸಗಟಿನಲ್ಲಿ ಕೊಂಡದ್ದರಿಂದ 2014ರ ಆರಂಭಕ್ಕೆ ಬಲ್ಬಿಗೆ 310 ರೂ. ಇದ್ದ ಖರೀದಿ ದರ 2016ಕ್ಕೆ ನಲವತ್ತರ ಕೆಳಗೆ ಇಳಿಯಿತು. ನೀಲಿ ಎಲ್‌ಇಡಿ ಕಂಡುಹಿಡಿದ ಜಪಾನಿನ ಅಕಸಾಕಿ, ಅಮಾನೊ ಮತ್ತು ಅಲ್ಲಿಂದ ಅಮೆರಿಕಕ್ಕೆ ಹೋದ ನಕಮುರಾ ಇವರಿಗೆ 2014ರಲ್ಲಿ ನೊಬೆಲ್ ಬಂದಿತ್ತು. ಎರಡೇ ವರ್ಷದಲ್ಲಿ ಅವರ ಬೆಳಕು ಯಲ್ಲಾಪುರದ ಗುಡಿಸಲಿನಲ್ಲಿ ಉರಿಯಿತು. ಭೌತಶಾಸ್ತ್ರದ ಯಾವ ಬಹುಮಾನವೂ ಬಡವರ ಮನೆಗೆ ಇಷ್ಟು ಬೇಗ ಬಂದದ್ದು ನನಗೆ ನೆನಪಿಲ್ಲ.

ಅಂಥ ಒಂದು ಮನೆಗೆ ನನ್ನನ್ನು ಕರೆದೊಯ್ದದ್ದು ನಿವೃತ್ತರಾದ ಸಹೋದ್ಯೋಗಿಯೊಬ್ಬರು. ಯಲ್ಲಾಪುರ ಪೇಟೆಯಿಂದ ನಾಲ್ಕು ಕಿಲೋಮೀಟರು, ಕಾಡಿನ ಅಂಚು. ತೋಟದ ಕೂಲಿಗೆ ಹೋಗುವ ಹೆಂಗಸು, ಎರಡು ಮಕ್ಕಳು. ಜಗುಲಿಗೊಂದು, ಒಳಗೊಂದು ಎಲ್‌ಇಡಿ. 'ಮೊದಲಿನ ಬಲ್ಬು ಮೂರು ತಿಂಗಳಿಗೆ ಸುಡ್ತಿತ್ತು, ಇದು ಹಾಕಿ ಎಷ್ಟು ವರ್ಷ ಆಯ್ತೋ' ಎಂದಳು. ಯೂನಿಟ್ಟಿನ ಮಾತೇ ಅವಳ ಬಾಯಲ್ಲಿ ಬರಲಿಲ್ಲ. ಒಂದು ಮಾತಿಗೆ, ಪದೇ ಪದೇ ಬಲ್ಬಿಗಾಗಿ ಪೇಟೆಗೆ ಹೋಗುವ ಕೂಲಿ ನಷ್ಟ ತಪ್ಪಿತು, ಅಷ್ಟೆ.

ಒಳಗೆ ಉಜ್ವಲಾ ಯೋಜನೆಯ ಸಿಲಿಂಡರ್ ಇತ್ತು. ಬೆಳಗಿನ ಚಹಾಕ್ಕೆ, ನೆಂಟರು ಬಂದರೆ. ಅನ್ನಕ್ಕೆ ಕಟ್ಟಿಗೆ. ಕಟ್ಟಿಗೆಯ ಬಿಲ್ಲು ಇಲ್ಲಿ ಇನ್ನೂ ಸೊನ್ನೆಯೇ. ಗೋಡೆಯ ಪಕ್ಕ ಚಿಮಣಿಯ ಒಲೆಯೊಂದು ಇತ್ತು, ಯಾವುದೋ ಯೋಜನೆಯಲ್ಲಿ ಎಂದೋ ಕಟ್ಟಿಕೊಟ್ಟದ್ದು. ಕೊಳವೆ ಒಡೆದಿತ್ತು. ಒಲೆಯ ಮೇಲೆ ಅಕ್ಕಿ ಡಬ್ಬಿ, ಮಕ್ಕಳ ಪುಸ್ತಕ ಇಟ್ಟಿದ್ದಳು. ಅದರ ಎದುರಿಗೇ ಮೂರು ಕಲ್ಲು ಹೂಡಿ ಅಡುಗೆ.

'ಇದು ಒಡೆದ ಮೇಲೆ ಯಾರಿಗೆ ಹೇಳಿದಿರಿ?' ಎಂದೆ.

'ಯಾರಿಗೆ ಹೇಳೋದು ಸರ್? ಕಟ್ಟಿದವರ ಹೆಸರೂ ಗೊತ್ತಿಲ್ಲ. ನಿಮಗೆ ಗೊತ್ತಿದ್ದರೆ ಹೇಳಿ, ಕೂಲಿ ಕೊಡ್ತೇನೆ.'

ಕೂಲಿ ಕೊಡುತ್ತೇನೆ ಎಂದಳು. ಕೊಳ್ಳುವ ಮನಸ್ಸಿಲ್ಲ ಎಂದು ಇಂಥವರನ್ನು ಯಾವ ಪಟ್ಟಿಯಲ್ಲಿ ಬರೆಯೋಣ? ಅತ್ತೆಯ ಒಲೆಗೂ ಇವಳ ಒಲೆಗೂ ವಿಜ್ಞಾನದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಅಲ್ಲಿ ಮೇಸ್ತ್ರಿ ಪಕ್ಕದವನಾಗಿದ್ದ. ಅವನು ಈಗಿಲ್ಲ, ಆದರೆ ಮಗ ಕಸುಬು ಬಿಟ್ಟಿಲ್ಲ ಎಂದು ಅತ್ತೆ ಹೇಳಿದ್ದು ನೆನಪಾಗಿ ಅಂಗಳಕ್ಕೆ ಬಂದು ಫೋನು ಹಚ್ಚಿದೆ. ಕಾಡಿನ ಅಂಚಿನಲ್ಲಿ ಸಿಗ್ನಲ್ ಸಿಗಲು ಒಂದು ಗುಡ್ಡ ಹತ್ತಬೇಕಾಯಿತು. ಅಡಿಕೆ ಕೊಯ್ಲಿಗೆ ಮೊದಲು ಒಂದು ದಿನ ಬರುತ್ತೇನೆ ಎಂದ, ಬಂದು ಕೊಳವೆ ಕೂರಿಸಿಯೂ ಹೋದ.

ರಜೆ ಮುಗಿದು ಶಾಲೆ ತೆರೆದಾಗ ಒಂಬತ್ತನೆಯ ತರಗತಿಗೆ ನಮ್ಮಪ್ಪನ ಕಟ್ಟಿಗೆಯ ಲೆಕ್ಕ, ಆಯಿಯ ಊದುಗೊಳವೆ, ಕೊಡಸಳ್ಳಿಯ ಎಂಟು ಲಕ್ಷ ಬಲ್ಬು ಎಲ್ಲ ಹೇಳಿದೆ. ಸಿಲೆಬಸ್ಸಿನಲ್ಲಿ ಇಲ್ಲದ್ದು, ಒಂದು ಪೀರಿಯಡ್ಡು ಪೂರ್ತಿ ಹೋಯಿತು. ಕಾಲಮಿನ ತಲೆಬರಹವನ್ನು ಹಾಗೇ ಇಟ್ಟು ಮನೆಗೆಲಸ ಮತ್ತೊಮ್ಮೆ ಮಾಡಿ ತನ್ನಿ ಎಂದೆ.

ವಾರದ ಮೇಲೆ ಆ ಹುಡುಗಿ ಪಟ್ಟಿ ತಂದಳು. ಫ್ಯಾನು 75 ವ್ಯಾಟ್, ದಿನಕ್ಕೆ ಹನ್ನೆರಡು ತಾಸು, ತಿಂಗಳಿಗೆ 27 ಯೂನಿಟ್. ಮೂವತ್ತು ವ್ಯಾಟಿನದಾದರೆ ಹನ್ನೊಂದರ ಒಳಗೆ. ಉಳಿತಾಯ 16, ಬಿಲ್ಲು ಸೊನ್ನೆ ಎಂದು ಎರಡನ್ನೂ ಬರೆದಿದ್ದಳು. ಅದರ ಕೆಳಗೆ, ಪಟ್ಟಿಗೆ ಸೇರದ ಒಂದು ಸಾಲು: 'ಬಚ್ಚಲ ಹಂಡೆ ಒಲೆಗೆ ಚಿಮಣಿ ಹಾಕುವುದು. ಅಜ್ಜಿ ಕೆಮ್ಮುತ್ತಾರೆ.' ಅದು ವಿದ್ಯುತ್ ಉಪಕರಣವೇ ಅಲ್ಲ ಎಂದು ಮುಂದಿನ ಬೆಂಚಿನ ಹುಡುಗ ತಕರಾರು ತೆಗೆದ. ಇರಲಿ ಎಂದು ನಾನು ಕೆಂಪು ಪೆನ್ನಿನಲ್ಲಿ ಸರಿ ಹಾಕಿ, ಕೆಳಗೆ ಮೇಸ್ತ್ರಿಯ ಫೋನ್ ನಂಬರು ಬರೆದುಕೊಟ್ಟೆ.